ಎರಡು ತಗಡು, ಎರಡು ಡ್ರಮ್: ಒಂದು ಮೇಲ್ಮೈ ಲೆಕ್ಕದ ಅನುಭವ

ಈ ಸಲ ಹಿಂಗಾರಿ ಜೋಳ ಮನೆಗೆ ಬರುವ ಹೊತ್ತಿಗೆ ನಮ್ಮ ಹಳೆಯ ಡ್ರಮ್‌ಗಳ ತಳ ತುಕ್ಕು ಹಿಡಿದು ಉದುರತೊಡಗಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವುದು ಡೋಣಿ ಹೊಳೆ ಹರಿಯುವ ವಿಜಯಪುರದ ಕಡೆಯ ಮಾತು. ಆದರೆ ಬಂದ ಜೋಳವನ್ನು ನುಸಿ, ಇಲಿ, ತೇವ ಈ ಮೂರರಿಂದ ವರ್ಷವಿಡೀ ಕಾಯುವುದು ಬೆಳೆಯುವಷ್ಟೇ ದೊಡ್ಡ ಕೆಲಸ. ತಲಾ ಎರಡು ಕ್ವಿಂಟಲ್ ಹಿಡಿಯುವ ಎರಡು ಹೊಸ ಡ್ರಮ್ ಬೇಕಾದವು. ಸಿದ್ಧ ಡ್ರಮ್‌ಗಳು ನಮ್ಮ ಅಟ್ಟದ ಕೆಳಗೆ ಹಿಡಿಸುವಂತಿರಲಿಲ್ಲ. ಅಲ್ಲಿರುವುದು ನಾಲ್ಕು ಅಡಿ ಎತ್ತರದ ಜಾಗ. ಹಾಗಾಗಿ ಅಳತೆ ಕೊಟ್ಟು ಮಾಡಿಸುವುದೆಂದಾಯಿತು.

ಗಾಂಧಿ ಚೌಕದ ಕಡೆಯ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಹಿರಿಯರೊಬ್ಬರನ್ನು ಕೇಳಿದೆ. ತಗಡು ನೀವೇ ತನ್ನಿ, ಮಜೂರಿ ನನಗೆ ಕೊಡಿ ಎಂದರು. ಎಷ್ಟು ತಗಡು ಬೇಕಾಗುತ್ತದೆ ಎಂದು ಕೇಳಿದ್ದಕ್ಕೆ, ‘ಡ್ರಮ್ಮಿನ ಅಳತೆ ಹೇಳಿದರೆ ತಗಡು ಹೇಳುತ್ತೇನೆ. ಅಳತೆ ನಿಮಗೆ ಗೊತ್ತಿದೆಯೇ?’ ಎಂದು ಮರುಪ್ರಶ್ನೆ ಹಾಕಿದರು. ನನಗೆ ಗೊತ್ತಿದ್ದದ್ದು ಜೋಳದ ತೂಕ ಮಾತ್ರ. ತೂಕದಿಂದ ಗಾತ್ರಕ್ಕೆ, ಗಾತ್ರದಿಂದ ಅಗಲ ಎತ್ತರಕ್ಕೆ, ಅಲ್ಲಿಂದ ಮೇಲ್ಮೈಗೆ, ಮೇಲ್ಮೈಯಿಂದ ಅಂಗಡಿಯಲ್ಲಿ ಸಿಗುವ ತಗಡಿನ ಹಾಳೆಗೆ. ಈ ದಾರಿಯನ್ನು ನಾನೇ ನಡೆಯಬೇಕೆಂದು ಆಸೆಯಾಯಿತು. ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳು ಜೊತೆಗೆ ಕುಳಿತಳು. ಅವಳ ಗಣಿತ ಪುಸ್ತಕದಲ್ಲಿ ಸಿಲಿಂಡರಿನ ಪಾಠ ಆಗಷ್ಟೇ ಮುಗಿದಿತ್ತು.

ಮೊದಲು ಜೋಳ. ಒಂದು ಲೀಟರಿನ ಅಳತೆ ಪಾತ್ರೆಯಲ್ಲಿ ಮಾಲದಂಡಿ ಜೋಳ ತುಂಬಿ, ಅಂಗೈಯಿಂದ ಮಟ್ಟಸ ಮಾಡಿ ತೂಗಿದೆವು. ಮುಕ್ಕಾಲು ಕಿಲೋ ಆಸುಪಾಸು ತೂಗಿತು. ಹಾಗಾದರೆ ಎರಡು ಕ್ವಿಂಟಲಿಗೆ ಸುಮಾರು 267 ಲೀಟರ್ ಜಾಗ ಬೇಕು. ವ್ಯಾಸ 60 ಸೆಂ.ಮೀ., ಎತ್ತರ 95 ಸೆಂ.ಮೀ. ಇಟ್ಟರೆ 268 ಲೀಟರಿಗೆ ಸ್ವಲ್ಪ ಹೆಚ್ಚು ಬರುತ್ತದೆ. ನೋಡಲಿಕ್ಕೂ ಗಿಡ್ಡಗೆ ಗಟ್ಟಿಮುಟ್ಟಾದ ಡ್ರಮ್. ಕಾಗದದ ಮೇಲೆ ಇದು ಸರಿಯಾಗಿಯೇ ಇತ್ತು.

ಮೇಲ್ಮೈಗೆ ಬರುವ ಮೊದಲು ಕೈ ಪಳಗಲಿ ಎಂದು ಮನೆಯಲ್ಲಿರುವ ದುಂಡನೆಯ ವಸ್ತುಗಳನ್ನೆಲ್ಲ ಅಳೆಯಲು ಕುಳಿತೆವು. ಮಗಳು ಅಳತೆಪಟ್ಟಿಯನ್ನು ಹಿಟ್ಟಿನ ಡಬ್ಬಿಯ ಬಾಯಿಗೆ ಅಡ್ಡ ಹಿಡಿದು ವ್ಯಾಸ ನೋಡತೊಡಗಿದಳು. ಪಟ್ಟಿ ನಟ್ಟನಡುವೆ ಹಾಯುತ್ತಿದೆಯೋ ಇಲ್ಲವೋ ಎಂಬುದು ಕಣ್ಣಳತೆಯ ಮಾತು; ಒಂದು ಕೂದಲೆಳೆ ಸರಿದರೂ ಅದು ವ್ಯಾಸವಲ್ಲ. ನಾನು ದರ್ಜಿಯ ಟೇಪು ತಂದು ಡಬ್ಬಿಯ ಸುತ್ತ ಸುತ್ತಿದೆ. ಸುತ್ತಳತೆ ನೇರವಾಗಿ ಸಿಕ್ಕಿತು. ಅದಕ್ಕೆ ಎತ್ತರ ಗುಣಿಸಿದರೆ ಮುಗಿಯಿತು, ಪಕ್ಕದ ಮೇಲ್ಮೈ ಕೈಗೆ ಬಂತು. ಪೈ ಬೇಕಾಗಲೇ ಇಲ್ಲ.

ಪಾಠದಲ್ಲಿ ಎರಡು ಪೈ ಆರ್ ಎಚ್ ಎಂದು ಬಾಯಿಪಾಠ ಮಾಡಿಸುವುದರಿಂದ ಮಕ್ಕಳಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಎರಡು ಪೈ ಆರ್ ಎಂದರೆ ಸುತ್ತಳತೆಯೇ. ಡಬ್ಬಿಗೆ ಸುತ್ತಿದ ಕಾಗದದ ಚೀಟಿಯನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಆಯತ. ಅದರ ಒಂದು ಬದಿ ಸುತ್ತಳತೆ, ಇನ್ನೊಂದು ಬದಿ ಎತ್ತರ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ನಿಜವಾಗಿ ಹಿಗ್ಗು ತಂದದ್ದು ಇದರ ಮುಂದಿನ ಹೆಜ್ಜೆ. ಒಂದು ವೃತ್ತದ ವಿಸ್ತೀರ್ಣವೆಂದರೆ ಸುತ್ತಳತೆ ಗುಣಿಸು ತ್ರಿಜ್ಯ, ಅದರ ಅರ್ಧ. ತಳ ಮತ್ತು ಮುಚ್ಚಳ ಎರಡು ವೃತ್ತ. ಎರಡರ್ಧ ಸೇರಿದರೆ ಸುತ್ತಳತೆ ಗುಣಿಸು ತ್ರಿಜ್ಯ, ಪೂರ್ತಿ. ಅಂದರೆ ತಳವನ್ನೂ ಮುಚ್ಚಳವನ್ನೂ ಸೇರಿಸುವುದೆಂದರೆ ಡಬ್ಬಿಯ ಎತ್ತರವನ್ನು ಒಂದು ತ್ರಿಜ್ಯದಷ್ಟು ಹೆಚ್ಚಿಸಿದಂತೆ. ಪೂರ್ಣ ಮೇಲ್ಮೈ = ಸುತ್ತಳತೆ × (ಎತ್ತರ + ತ್ರಿಜ್ಯ). ಸೂತ್ರ ಹಳೆಯದೇ. ಆದರೆ ಟೇಪು ಹಿಡಿದು ನಿಂತವರಿಗೆ ಈ ರೂಪದಲ್ಲಿ ಅದು ಎಷ್ಟು ಹತ್ತಿರವಾಗುತ್ತದೆ ಎಂಬುದನ್ನು ಅಳೆದೇ ನೋಡಬೇಕು.

ದುಂಡನೆಯ ಪೆನ್ಸಿಲ್ ಒಂದರ ವ್ಯಾಸ 7 ಮಿ.ಮೀ., ಉದ್ದ 175 ಮಿ.ಮೀ. ಪಕ್ಕದ ಮೇಲ್ಮೈ 3,850 ಚದರ ಮಿ.ಮೀ.; ಎರಡೂ ತುದಿ ಸೇರಿ ಬರೀ 77. ರೊಟ್ಟಿಯ ಹೆಂಚು ಇದಕ್ಕೆ ತದ್ವಿರುದ್ಧ. ಅದೂ ಒಂದು ಸಿಲಿಂಡರೇ, ಎತ್ತರ 3 ಮಿ.ಮೀ. ಮಾತ್ರ. 28 ಸೆಂ.ಮೀ. ವ್ಯಾಸದ ಹೆಂಚಿಗೆ ಮೇಲೂ ಕೆಳಗೂ ಸೇರಿ 1,232 ಚದರ ಸೆಂ.ಮೀ., ಅಂಚಿನದು 26ಕ್ಕೆ ತುಸು ಹೆಚ್ಚು. ಪೆನ್ಸಿಲಿನಲ್ಲಿ ತುದಿಯನ್ನು ಮರೆಯಬಹುದು, ಹೆಂಚಿನಲ್ಲಿ ಪಕ್ಕವನ್ನು ಮರೆಯಬಹುದು. ಡ್ರಮ್ಮಿನಲ್ಲಿ ಯಾವುದನ್ನೂ ಮರೆಯುವಂತಿಲ್ಲ.

ಸ್ಟೀಲ್ ಲೋಟ ಸಿಲಿಂಡರಲ್ಲ, ಬಾಯಿ ಅಗಲ, ತಳ ಕಿರಿದು. ಮೇಲಿನ ಮತ್ತು ಕೆಳಗಿನ ಸುತ್ತಳತೆಗಳ ಸರಾಸರಿಯನ್ನು ಓರೆ ಎತ್ತರದಿಂದ ಗುಣಿಸಿದರೆ ಅದರ ಪಕ್ಕ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿದ ಎತ್ತರವಲ್ಲ, ಲೋಟದ ಮೈಮೇಲೆ ಪಟ್ಟಿ ಒರಗಿಸಿ ಅಳೆದ ಎತ್ತರ. ಬಕೆಟ್ಟಿಗೂ ಇದೇ ದಾರಿ. ತಂಬಿಗೆಯ ಸಹವಾಸಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ನಮ್ಮ ತಾಯಿ ಖಡಕ್ ರೊಟ್ಟಿಯ ಪೇರಿಕೆಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಇದೂ ಸಿಲಿಂಡರಲ್ಲವೇ ಎಂದು ಮಗಳು ಟೇಪು ಚಾಚಿದಳು. 25 ರೊಟ್ಟಿ, ವ್ಯಾಸ 25 ಸೆಂ.ಮೀ., ಪೇರಿಕೆಯ ಎತ್ತರ 5 ಸೆಂ.ಮೀ. ಒಟ್ಟಾಗಿಟ್ಟರೆ ಗಾಳಿಗೆ ತೆರೆದುಕೊಂಡ ಮೇಲ್ಮೈ ಸುಮಾರು 1,375 ಚದರ ಸೆಂ.ಮೀ. ಅದೇ 25 ರೊಟ್ಟಿಗಳನ್ನು ಬಿಡಿಬಿಡಿಯಾಗಿ ಹರವಿದರೆ ಎರಡೂ ಮೈ ಲೆಕ್ಕಕ್ಕೆ ಬಂದು 25,000ದ ಹತ್ತಿರ ಹೋಗುತ್ತದೆ, ಹದಿನೆಂಟು ಪಟ್ಟು. ಒಣಗಿಸುವಾಗ ಒಂದೊಂದನ್ನೇ ಬೇರೆಬೇರೆ ಇಡಬೇಕು, ಒಣಗಿದ ಮೇಲೆ ಪೇರಿಸಿ ಮುಚ್ಚಬೇಕು. ಯಾರೂ ಕಲಿಸದೆ ಇದನ್ನು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ತೇವ ಹೋಗುವುದೂ ಬರುವುದೂ ಮೇಲ್ಮೈಯಿಂದಲೇ. ಈ ಒಂದು ಲೆಕ್ಕವನ್ನು ಶಾಲೆಯ ಪುಸ್ತಕದಲ್ಲಿ ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ.

ಪೈಗೆ 22/7 ಸಾಕೇ, 3.1416 ಬೇಕೇ ಎಂಬ ಪ್ರಶ್ನೆಯೂ ಬಂತು. ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಎರಡನ್ನೂ ಕೊಟ್ಟಿದ್ದಾರೆ: ಸೂಕ್ಷ್ಮ ಲೆಕ್ಕಕ್ಕೆ 3927/1250, ವ್ಯವಹಾರಕ್ಕೆ 22/7. ಅವರು ಹುಟ್ಟಿದ್ದು 1114ರಲ್ಲಿ. ತಮ್ಮ ಊರು ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಇಲ್ಲಿ ಅನೇಕರು ಅಭಿಮಾನದಿಂದ ಹೇಳುತ್ತೇವೆ, ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವಿಲ್ಲ. ಊರು ಯಾವುದೇ ಇರಲಿ, ವ್ಯವಹಾರಕ್ಕೊಂದು, ಸೂಕ್ಷ್ಮಕ್ಕೊಂದು ಎಂದು ಎರಡು ಬೆಲೆಗಳನ್ನು ಕೊಟ್ಟ ಆ ವಿವೇಕ ದೊಡ್ಡದು. 57 ಸೆಂ.ಮೀ. ವ್ಯಾಸದ ಡ್ರಮ್ಮಿಗೆ ಎರಡೂ ಬೆಲೆ ಹಾಕಿ ನೋಡಿದೆ: 179.14 ಮತ್ತು 179.07 ಸೆಂ.ಮೀ. ಒಂದು ಮಿಲಿಮೀಟರೂ ವ್ಯತ್ಯಾಸವಿಲ್ಲ, ತಗಡಿನ ಮೇಲೆ ಮೊಳೆಯಿಂದ ಗೀಚುವ ಗೆರೆಯೇ ಹೆಚ್ಚುಕಡಿಮೆ ಅಷ್ಟು ದಪ್ಪ ಇರುತ್ತದೆ.

57 ಎಲ್ಲಿಂದ ಬಂತು, ಮೊದಲು 60 ಅಂದಿದ್ದಿರಲ್ಲ ಎಂದು ಕೇಳಬಹುದು. ಅದೇ ಈ ಇಡೀ ಕೆಲಸದ ತಿರುಳು.

60ರ ವ್ಯಾಸ, 95ರ ಎತ್ತರದ ಡ್ರಮ್ಮಿಗೆ ಸುತ್ತಳತೆ 188.6. ಎತ್ತರ ಮತ್ತು ತ್ರಿಜ್ಯ ಸೇರಿ 125. ಪೂರ್ಣ ಮೇಲ್ಮೈ ಸುಮಾರು 23,570 ಚದರ ಸೆಂ.ಮೀ. ಪೇಟೆಯಲ್ಲಿ ಸಿಗುವ ಸತುವು ಲೇಪಿಸಿದ ತಗಡಿನ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 244 × 122 ಸೆಂ.ಮೀ., ಸುಮಾರು 29,770 ಚದರ ಸೆಂ.ಮೀ. ಡ್ರಮ್ಮಿಗೊಂದು ಹಾಳೆ ಧಾರಾಳವಾಗಿ ಸಾಕು, ಇನ್ನೂ ಐದನೆಯ ಒಂದು ಭಾಗ ಉಳಿಯುತ್ತದೆ ಎಂದು ವಿಸ್ತೀರ್ಣ ಹೇಳುತ್ತದೆ. ಆದರೆ ವಿಸ್ತೀರ್ಣಕ್ಕೆ ಆಕಾರದ ಗೊಡವೆಯಿಲ್ಲ. ತಗಡಿಗೆ ಇದೆ.

ಅದಕ್ಕೇ ಅಂಗಡಿಗೆ ಹೋಗುವ ಮೊದಲು ಆ ಹಿರಿಯರನ್ನು ಮತ್ತೆ ಕಂಡು, ಮಡಿಕೆಗೆ ಎಷ್ಟೆಷ್ಟು ಬಿಡಬೇಕೆಂದು ಕೇಳಿಕೊಂಡು ಬಂದೆ. ಉದ್ದದ ಜೋಡಣೆಯಲ್ಲಿ ಒಂದಂಚು ಇನ್ನೊಂದನ್ನು ಕಚ್ಚಿಕೊಳ್ಳುವುದಕ್ಕೆ ಎರಡೂವರೆ ಸೆಂಟಿಮೀಟರ್. ಬಾಯಿಯ ಅಂಚಿಗೆ ತಂತಿ ಸೇರಿಸಿ ಮಡಚುವುದಕ್ಕೆ ಎರಡೂವರೆ. ತಳದ ಕಡೆ ಒಂದು. ತಳದ ಬಿಲ್ಲೆಗೆ ಸುತ್ತಲೂ ಒಂದೊಂದು, ಅಂದರೆ ವ್ಯಾಸಕ್ಕೆ ಎರಡು. ಮುಚ್ಚಳದ ಬಿಲ್ಲೆ ಡ್ರಮ್ಮಿನ ಹೊರಗಿನಿಂದ ಕೂರಬೇಕಾದ್ದರಿಂದ ತಳದ ಬಿಲ್ಲೆಗಿಂತ ಇನ್ನೊಂದು ಸೆಂಟಿಮೀಟರ್ ದೊಡ್ಡದು.

ಚೌಕಳಿ ಹಾಳೆಯ ಮೇಲೆ ಇದನ್ನೆಲ್ಲ ಚಿಕ್ಕ ಪ್ರಮಾಣದಲ್ಲಿ ಬರೆದು ನೋಡಿದೆವು. 60ರ ಡ್ರಮ್ಮಿನ ಮೈಗೆ ಹಾಳೆಯ ಉದ್ದದಲ್ಲಿ 191 ಸೆಂ.ಮೀ. ಹೋಯಿತು. ಪಕ್ಕದಲ್ಲಿ ಉಳಿದ ಪಟ್ಟಿಯ ಅಗಲ 53. ಬೇಕಾದ ಬಿಲ್ಲೆಯ ವ್ಯಾಸ 62. ಹಿಡಿಸುವುದಿಲ್ಲ. ಎರಡು ಡ್ರಮ್ಮಿನ ನಾಲ್ಕು ಬಿಲ್ಲೆಗೆ ಮೂರನೆಯ ಹಾಳೆಯನ್ನೇ ತರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ವಿಸ್ತೀರ್ಣ ಎರಡು ಅನ್ನುತ್ತದೆ, ಕತ್ತರಿ ಮೂರು ಅನ್ನುತ್ತದೆ.

ವ್ಯಾಸವನ್ನು ಇಳಿಸುತ್ತ ಹೋದೆವು. ವ್ಯಾಸ ಒಂದು ಸೆಂಟಿಮೀಟರ್ ಇಳಿದರೆ ಬಿಲ್ಲೆ ಒಂದು ಸೆಂಟಿಮೀಟರ್ ಚಿಕ್ಕದಾಗುತ್ತದೆ, ಪಕ್ಕದ ಪಟ್ಟಿ ಮೂರು ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗುತ್ತದೆ. ಪೈ ಎಂದರೆ ಏನೆಂದು ಮಗಳಿಗೆ ಅರ್ಥವಾದದ್ದು ಆ ಚೌಕಳಿ ಹಾಳೆಯ ಮೇಲೆ. 58ಕ್ಕೆ ಬಂದಾಗ ಪಟ್ಟಿ 59 ಆಯಿತು. ತಳದ ಬಿಲ್ಲೆಗೆ 60 ಬೇಕು, ಒಂದೇ ಸೆಂಟಿಮೀಟರ್ ಕಡಿಮೆ. 57ಕ್ಕೆ ಇಳಿಸಿದೆವು. ಮೈಗೆ 179.1 ಮತ್ತು ಮಡಿಕೆಯ 2.5, ಒಟ್ಟು 181.6. ಉಳಿದ ಪಟ್ಟಿ 62.4. ತಳದ ಬಿಲ್ಲೆ 59, ಮುಚ್ಚಳದ ಬಿಲ್ಲೆ 60. ಒಂದರ ಮೇಲೊಂದು ಇಟ್ಟರೆ 119, ಹಾಳೆಯ ಅಗಲ 122. ಎರಡೂ ಸಲೀಸಾಗಿ ಕುಳಿತವು. ಮಗಳು ಪೆನ್ಸಿಲ್ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ನನಗೂ ಅಷ್ಟೇ ಸಂತೋಷವಾಗಿತ್ತು.

ಅಗಲ ಇಳಿದ ಮೇಲೆ ಎತ್ತರ ಏರಬೇಕಲ್ಲ. 267 ಲೀಟರಿಗೆ ನೂರಾನಾಲ್ಕೂವರೆ ಸೆಂ.ಮೀ. ಸಾಕು, ಆದರೆ ಬಾಯಿಮಟ್ಟ ತುಂಬಿದ ಡ್ರಮ್ಮಿನಲ್ಲಿ ಕೈ ಆಡುವುದಿಲ್ಲ. 112 ಇಟ್ಟೆವು. ಮೇಲೆ ಕೆಳಗೆ ಮಡಿಕೆಗೆ ಮೂರೂವರೆ ಸೇರಿ 115.5. ಹಾಳೆಯ ಅಗಲದಲ್ಲಿ ಇನ್ನೂ ಆರೂವರೆ ಸೆಂ.ಮೀ. ಪಟ್ಟಿ ಉಳಿಯಿತು, ಅದು ಮುಚ್ಚಳದ ಅಂಚಿಗೆ. ಹೀಗೆ ಒಂದು ಹಾಳೆಯಲ್ಲಿ ಒಂದು ಡ್ರಮ್ ಪೂರ್ತಿ. ಇದರ ಪೂರ್ಣ ಮೇಲ್ಮೈ 179.14 × 140.5, ಅಂದರೆ ಸುಮಾರು 25,170 ಚದರ ಸೆಂ.ಮೀ. ಹಿಂದಿನದಕ್ಕಿಂತ 1,600 ಹೆಚ್ಚು! ಮೇಲ್ಮೈ ಹೆಚ್ಚಾಯಿತು, ತಗಡು ಒಂದು ಹಾಳೆ ಕಡಿಮೆಯಾಯಿತು. ಎತ್ತರವೂ ವ್ಯಾಸವೂ ಸಮವಾಗಿದ್ದಾಗ ಮುಚ್ಚಿದ ಡಬ್ಬಿಯ ಮೇಲ್ಮೈ ಎಲ್ಲಕ್ಕಿಂತ ಕಡಿಮೆ ಎಂದು ಪುಸ್ತಕ ಹೇಳುವುದು ಸತ್ಯ. ಆದರೆ ಹಾಳೆಯನ್ನು ಅಂಗಡಿಯವನು ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವುದಿಲ್ಲ. ಚೌಕದಿಂದ ಬಿಲ್ಲೆ ಕತ್ತರಿಸುವಾಗ ನಾಲ್ಕು ಮೂಲೆಗಳಲ್ಲಿ ನೂರಕ್ಕೆ ಇಪ್ಪತ್ತೊಂದೂವರೆ ಭಾಗ ಚೂರಾಗಿ ಬೀಳುತ್ತದೆ. ಆ ಚೂರನ್ನೂ ಲೆಕ್ಕಕ್ಕೆ ಹಿಡಿದರೆ ಡಬ್ಬಿ ತುಸು ಎತ್ತರವಾಗಿದ್ದರೇ ಲಾಭ. ಹಾಗೆ ಲೆಕ್ಕ ಹಾಕಿದರೆ ಎತ್ತರ ವ್ಯಾಸದ 1.27 ಪಟ್ಟು ಬರುತ್ತದೆ.

ಎರಡು ಹಾಳೆ ಕೊಂಡು, ಸುರುಳಿ ಮಾಡಿ ಆಟೋದಲ್ಲಿ ಹಿರಿಯರ ಅಂಗಡಿಗೆ ಒಯ್ದೆ. ನಮ್ಮ ಚೌಕಳಿ ಹಾಳೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಪ್ರತಿ ಗೆರೆಯ ಮೇಲೆ ಹೋದರು. ತಮ್ಮ ಕೈವಾರ ತೆಗೆದು ತಗಡಿನ ಮೇಲೆ ನೇರವಾಗಿ ಗೀಚತೊಡಗಿದರು. ಕೈವಾರವೆಂದರೆ ಒಂದು ಮರದ ಪಟ್ಟಿ, ಎರಡು ಮೊಳೆ. ಬಿಲ್ಲೆ ಕತ್ತರಿಸುವಾಗ ಕತ್ತರಿಯನ್ನು ಕದಲಿಸದೆ ತಗಡನ್ನೇ ತಿರುಗಿಸುತ್ತಿದ್ದರು. ಕತ್ತರಿಯ ಬಾಯಿಂದ ತಗಡಿನ ಸುರುಳಿ ಬಳುಕುತ್ತ ಹೊರಬೀಳುತ್ತಿತ್ತು. ಮೈಯ ಎರಡೂ ಅಂಚುಗಳನ್ನು ಎದುರುಬದುರಾಗಿ ಮಡಚಿ, ಒಂದಕ್ಕೊಂದು ಸಿಕ್ಕಿಸಿ, ಮರದ ಕೊಡತಿಯಿಂದ ಬಡಿದು ಚಪ್ಪಟೆ ಮಾಡಿದರು. ಆಮೇಲೆ ಟೇಪು ಸುತ್ತಿ ನೋಡಿದರೆ 179ಕ್ಕೆ ಒಂದು ನೂಲು ಹೆಚ್ಚು. ಮುಚ್ಚಳದ ಅಂಚಿನ ಪಟ್ಟಿ ಮಾತ್ರ ಒಂದು ಸೆಂಟಿಮೀಟರಿನಷ್ಟು ಸಾಲದೆ ಬಂತು. ಮೂಲೆಯ ಚೂರಿನಿಂದ ಒಂದು ತುಂಡು ಕತ್ತರಿಸಿ ರಿವೆಟ್ ಹೊಡೆದರು.

ಮುಚ್ಚಳದ ನಡುಭಾಗ ಮೇಲೆ ಉಬ್ಬಿದಂತೆ ಬಡಿಯುವುದು ಅವರ ವಾಡಿಕೆ. ಹಾಗೆ ಮಾಡಿದರೆ ಮೇಲೆ ಏನಾದರೂ ಇಟ್ಟರೂ ಕುಸಿಯುವುದಿಲ್ಲ. ಉಬ್ಬಿಸಿದರೆ ಮೇಲ್ಮೈ ಎಷ್ಟು ಹೆಚ್ಚಾಗುತ್ತದೆ ಎಂದು ಮಗಳು ಕೇಳಿದಳು. ಉಬ್ಬಿದ ಮುಚ್ಚಳ ಗೋಳದ ಒಂದು ತುಣುಕು. ತ್ರಿಜ್ಯದ ವರ್ಗಕ್ಕೆ ಉಬ್ಬಿನ ಎತ್ತರದ ವರ್ಗ ಕೂಡಿಸಿ ಪೈಯಿಂದ ಗುಣಿಸಿದರಾಯಿತು. 28.5ರ ವರ್ಗ 812; ಉಬ್ಬು 3 ಸೆಂ.ಮೀ. ಆದರೆ ಕೂಡಬೇಕಾದದ್ದು ಬರೀ 9. ನೂರಕ್ಕೆ ಒಂದರಷ್ಟು. ಬಡಿದಾಗ ತಗಡು ಅಷ್ಟು ಹಿಗ್ಗಿಕೊಳ್ಳುತ್ತದೆ.

ಇದೇ ಸೂತ್ರದಲ್ಲಿ ಉಬ್ಬು ತ್ರಿಜ್ಯದಷ್ಟೇ ಆಗಿಬಿಟ್ಟರೆ ಅರ್ಧಗೋಳ. ನಮ್ಮೂರಿನಲ್ಲಿ ಅರ್ಧಗೋಳ ಎಂದರೆ ಯಾರಿಗಾದರೂ ನೆನಪಾಗುವುದು ಒಂದೇ. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ 44 ಮೀಟರ್ ವ್ಯಾಸದ್ದು. ಅದನ್ನು ಪೂರ್ತಿ ಅರ್ಧಗೋಳವೆಂದೇ ಹಿಡಿದರೆ ಹೊರಮೈ ಸುಮಾರು 3,040 ಚದರ ಮೀಟರ್. ಅಷ್ಟೇ ವ್ಯಾಸದ, 22 ಮೀಟರ್ ಎತ್ತರದ ಡ್ರಮ್ಮಿನ ಪಕ್ಕದ ಮೇಲ್ಮೈಯೂ ಸರಿಯಾಗಿ ಅಷ್ಟೇ. ಗೋಳಕ್ಕೂ ಅದನ್ನು ಸುತ್ತುವರಿದ ಸಿಲಿಂಡರಿಗೂ ಇರುವ ಈ ನಂಟನ್ನು ಕಂಡುಹಿಡಿದವನು ಆರ್ಕಿಮಿಡೀಸ್. ತನ್ನ ಸಮಾಧಿಯ ಮೇಲೆ ಆ ಎರಡು ಆಕೃತಿಗಳೇ ಇರಬೇಕೆಂದು ಅವನು ಬಯಸಿದ್ದನಂತೆ.

ಡ್ರಮ್‌ಗಳು ಮನೆಗೆ ಬಂದ ಮೇಲೆ ಬಣ್ಣದ ಲೆಕ್ಕ. ಈಗ ಅದೇ ಡ್ರಮ್ಮಿನ ಮೇಲ್ಮೈ ಬೇರೆಯಾಗಿಬಿಡುತ್ತದೆ. ಒಳಗೆ ಕಾಳು ಇರುವುದರಿಂದ ಬಣ್ಣ ಬೇಡ, ತಳಕ್ಕೆ ಬೇಡ. ಪಕ್ಕ ಮತ್ತು ಮುಚ್ಚಳ ಮಾತ್ರ: 22,600 ಚದರ ಸೆಂ.ಮೀ., ಅಂದರೆ 2.26 ಚದರ ಮೀಟರ್. ಎರಡು ಡ್ರಮ್, ಎರಡು ಕೈ ಬಣ್ಣ ಎಂದರೆ 9 ಚದರ ಮೀಟರ್. ನಾವು ಕೊಂಡ ಬಣ್ಣ ಲೀಟರಿಗೆ ಹತ್ತು ಚದರ ಮೀಟರ್ ಬರುವಂಥದ್ದು, ಒಂದು ಲೀಟರಿನ ಡಬ್ಬಿ ಸಾಕಾಯಿತು. ಸತುವಿನ ಮೇಲೆ ಬಣ್ಣ ಹಿಡಿಯುವುದು ಕಷ್ಟ, ಅದಕ್ಕೇ ತಯಾರಿಸಿದ ಪ್ರೈಮರ್ ಮೊದಲು ಹಚ್ಚಬೇಕು. ‘ಈ ಸಿಲಿಂಡರಿನ ಮೇಲ್ಮೈ ಎಷ್ಟು’ ಎಂದು ಯಾರಾದರೂ ಕೇಳಿದರೆ, ಯಾವ ಕೆಲಸಕ್ಕೆ ಎಂದು ನಾನು ಈಗ ಮೊದಲು ಕೇಳುತ್ತೇನೆ.

ಒಳಮೈ, ಹೊರಮೈ ಬೇರೆಬೇರೆ ಎಂಬುದನ್ನು ಮಗಳಿಗೆ ತೋರಿಸಲು ತೆಳು ತಗಡಿನ ಡ್ರಮ್ ಪ್ರಯೋಜನಕ್ಕೆ ಬಾರದು. ಅದಕ್ಕೆ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಕರೆದುಕೊಂಡು ಹೋದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು, ಉದ್ದ 4.45 ಮೀಟರ್, ವ್ಯಾಸ 1.5 ಮೀಟರ್, ತೂಕ 55 ಟನ್. ಬಾಯಿಯ ಕಡೆಯ ಸಿಂಹದ ಮುಖವನ್ನು ಬದಿಗಿಟ್ಟು ಸರಳ ಸಿಲಿಂಡರೆಂದು ಹಿಡಿದರೆ ಪಕ್ಕದ ಹೊರಮೈ ಸುಮಾರು 21 ಚದರ ಮೀಟರ್. ಕೊಳವೆಯ ಒಳವ್ಯಾಸ ಸುಮಾರು 70 ಸೆಂ.ಮೀ. ಒಂದು ಮೀಟರ್ ಉದ್ದಕ್ಕೆ ಹೊರಗೆ 4.7 ಚದರ ಮೀಟರ್ ಇದ್ದರೆ ಒಳಗೆ 2.2 ಮಾತ್ರ, ಅರ್ಧಕ್ಕೂ ಕಡಿಮೆ. ನಡುವೆ ಇರುವುದೆಲ್ಲ ಲೋಹ. ಮಗಳು ಆ ಬಾಯಿಯ ದಪ್ಪವನ್ನು ಗೇಣಿನಲ್ಲಿ ಅಂದಾಜು ಮಾಡುತ್ತ ಬಹಳ ಹೊತ್ತು ನಿಂತಿದ್ದಳು.

ಈ ಪಾಠ ಕೂಡಲೇ ಕೆಲಸಕ್ಕೆ ಬಂತು. ಹೊಲದ ದುಂಡು ಬಾವಿಯ ಒಳಗೋಡೆಗೆ ಸಿಮೆಂಟ್ ಮಾಡಿಸಬೇಕಿತ್ತು. ಕೆಲಸದವರು ಕಟ್ಟೆಯ ಹೊರಗಿನಿಂದ ಹಗ್ಗ ಸುತ್ತಿ ಅಳೆದು, ಅದನ್ನು ಆಳದಿಂದ ಗುಣಿಸಿ ಚದರ ಅಡಿಯ ದರ ಹೇಳಿದ್ದರು. ಗೋಡೆಯ ದಪ್ಪ ಒಂದು ಅಡಿ. ದಪ್ಪ ಒಂದು ಅಡಿ ಇದ್ದರೆ ಒಳಗಿನ ಸುತ್ತಳತೆ ಹೊರಗಿನದಕ್ಕಿಂತ ಆರು ಕಾಲಡಿ ಕಡಿಮೆ. ಬಾವಿ ದೊಡ್ಡದಿರಲಿ, ಚಿಕ್ಕದಿರಲಿ, ಅಷ್ಟೇ ಕಡಿಮೆ. ಮಗಳಿಗೆ ಇದನ್ನು ನಂಬುವುದು ಕಷ್ಟವಾಗಿ ಮೂರು ಬೇರೆ ಬೇರೆ ವ್ಯಾಸಕ್ಕೆ ಲೆಕ್ಕ ಹಾಕಿ ನೋಡಿದಳು, ಮೂರಕ್ಕೂ ಅಷ್ಟೇ ಬಂತು. ಬಾವಿಯ ಆಳ 40 ಅಡಿ. ಆರು ಕಾಲನ್ನು ನಲವತ್ತರಿಂದ ಗುಣಿಸಿದರೆ 250 ಚದರ ಅಡಿ. ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಅವರು ಒಪ್ಪಿ, ಒಳಗಿನ ಸುತ್ತಳತೆಯನ್ನೇ ಹಿಡಿದು ದರ ಕಟ್ಟಿದರು.